ಟಪಾಲಿನವನ ಕೊಟ್ಟಿಗೆಯಲ್ಲಿ ಕೆಂಪು ಕಾರು

ನಮ್ಮೂರಲ್ಲಿ ಚಳಿಗಾಲಕ್ಕೆ ಯಾರೂ ತಮ್ಮ ಸಾಮಾನನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ದೀಪಾವಳಿ ಕಳೆದು ಮಂಜು ಇಳಿಯಿತೆಂದರೆ ಶಿವರಾತ್ರಿಯವರೆಗೆ ಗಾಲಿ ಇದ್ದದ್ದು ಯಾವುದೂ ಓಡುವುದಿಲ್ಲ, ಅರ್ಧ ಕೆಲಸಗಳು ನಿಲ್ಲುತ್ತವೆ. ಆ ದಿನಗಳಲ್ಲಿ ಯಾವ ವಸ್ತು ಯಾರ ಸೂರಿನ ಕೆಳಗೆ ಮಲಗುತ್ತದೋ ಅವರ ಗುಣ ಹಿಡಿದು ಏಳುತ್ತದೆ. ಹೀಗಾಗಿ ಕುಡುಗೋಲು, ಈಳಿಗೆಗಳೆಲ್ಲ ಕಲ್ಲವ್ವನ ಮನೆಗೆ ಹೋಗುತ್ತವೆ. ಅವಳ ನಾಲಿಗೆಯ ಪಕ್ಕದಲ್ಲಿ ಒಂದು ಚಳಿಗಾಲ ಕಳೆದರೆ ಸಾಣೆ ಹಿಡಿಸುವ ಖರ್ಚಿಲ್ಲ. ತೊಟ್ಟಿಲುಗಳು ಚಾವಡಿಯ ರಾತ್ರಿ ಕಾವಲುಗಾರನ ಮನೆಗೆ. ಅವನಷ್ಟು ಗಾಢವಾಗಿ ನಿದ್ದೆ ಮಾಡುವವರು ಊರಲ್ಲಿ ಬೇರೆ ಇಲ್ಲ. ನನ್ನ ಮನೆಗೆ ಬರುತ್ತಿದ್ದುದು ಹೊರಸು, ಮಣೆ, ಒಂದೆರಡು ಬೆಂಚು. ಕೂರುವ ಮಲಗುವ ಸಾಮಾನಿಗೆ ಯಮನೂರಪ್ಪನೇ ಸರಿ ಎಂದು ಊರು ತೀರ್ಮಾನಿಸಿತ್ತು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಹೊರಸುಗಳೂ ಬೇಜಾರು ಮಾಡಿಕೊಂಡು ಏಳುತ್ತಿದ್ದವು, ಜನಕ್ಕೆ ನಿದ್ದೆ ಬರುತ್ತಿರಲಿಲ್ಲ.

ಇಂಥ ಊರಲ್ಲಿ ನೆಂಟಸ್ತನ ಉಳಿಸಿಕೊಳ್ಳುವುದು ಕಷ್ಟ. ಹತ್ತಿ ಗಿರಣಿಯ ಗುರುಸಿದ್ದಪ್ಪ ಸಾವಕಾರ ಮತ್ತು ಅವನ ತಂಗಿ ನೀಲವ್ವನ ಗಂಡ ಶಂಕ್ರೆಪ್ಪ ಒಂದೇ ತಾಟಿನಲ್ಲಿ ಉಂಡವರು. ಒಂದು ಚಳಿಗಾಲ ಶಂಕ್ರೆಪ್ಪ ತನ್ನ ಅಂಗಡಿಯ ತಕ್ಕಡಿಯನ್ನು ಭಾವನ ಮನೆಯಲ್ಲಿ ಇಟ್ಟ. ಶಿವರಾತ್ರಿಯ ಮರುದಿನ ಅದನ್ನು ತಂದು ತೂಗಿದರೆ ಕೊಳ್ಳುವಾಗ ಒಂದು ತೂಕ, ಮಾರುವಾಗ ಇನ್ನೊಂದು. ಬುದ್ಧಿವಂತನಾಗಿದ್ದರೆ ಲಾಭವಾಯಿತೆಂದು ಸುಮ್ಮನಿರಬೇಕಿತ್ತು. ಶಂಕ್ರೆಪ್ಪ ಆ ತಕ್ಕಡಿಯನ್ನು ಸಂತೆಯ ನಡುವೆ ಎತ್ತಿ ಹಿಡಿದು, ಇದು ಎಲ್ಲಿ ಮಲಗಿ ಎದ್ದಿದೆ ನೋಡಿರಪ್ಪಾ ಎಂದ. ಗುರುಸಿದ್ದಪ್ಪ ಅಲ್ಲೇ ಬಾಳೆಕಾಯಿ ಚೌಕಾಸಿ ಮಾಡುತ್ತಿದ್ದ. ಅಂದಿನಿಂದ ಇವನು ಅವನ ಹೊಸ್ತಿಲು ತುಳಿಯಲಿಲ್ಲ, ಅವನು ಇವನ ಹೊಸ್ತಿಲು ತುಳಿಯಲಿಲ್ಲ.

ಇಬ್ಬರು ಗಂಡಸರು ಮುನಿಸಿಕೊಂಡರೆ ಊರಿಗೇನೂ ನಷ್ಟವಿಲ್ಲ. ಆದರೆ ತವರಿನಿಂದ ಕರೆಯಲು ಬಾರದೆ ಕೊಟ್ಟ ಹೆಣ್ಣು ತವರಿಗೆ ಹೋಗುವಂತಿಲ್ಲವಲ್ಲ. ಶಂಕ್ರೆಪ್ಪ ಎಲ್ಲರಿಗೂ ಹೇಳುತ್ತಿದ್ದ, ಅಣ್ಣ ಬಂದು ಕರೆಯಲಿ, ನಾನು ಬೇಡವೆನ್ನುತ್ತೇನೆಯೇ ಎಂದು. ಗುರುಸಿದ್ದಪ್ಪನೂ ಎಲ್ಲರಿಗೂ ಹೇಳುತ್ತಿದ್ದ, ಅವನು ಕಳಿಸಲಿ, ನಾನು ಬಾಗಿಲು ಹಾಕುತ್ತೇನೆಯೇ ಎಂದು. ಇಬ್ಬರ ಮಾತೂ ನ್ಯಾಯವಾಗಿತ್ತು. ಎರಡು ನ್ಯಾಯಗಳ ನಡುವೆ ಒಂದು ಬೀಡಿ ಸೇದಿ ಮುಗಿಸುವಷ್ಟು ದಾರಿ, ಅದನ್ನು ದಾಟಲಾಗದೆ ಅಣ್ಣ ತಂಗಿಯ ತಾಯಿ ಹಂಪವ್ವ ಮಗನ ಮನೆಯ ಪಡಸಾಲೆಯಲ್ಲಿ ಕೂತಲ್ಲೇ ಮುದುಕಿಯಾದಳು, ಆಮೇಲೆ ಕುರುಡಿಯಾದಳು. ಹೆಜ್ಜೆಯ ಸಪ್ಪಳದ ಮೇಲೆ ಜನರ ಗುರುತು ಹಿಡಿಯುತ್ತಿದ್ದಳು. ಮಗಳ ಹೆಜ್ಜೆಯ ಸಪ್ಪಳ ಮರೆತುಹೋದೀತೆಂದು ಅವಳಿಗೆ ಹೆದರಿಕೆ ಇತ್ತು. ಅದನ್ನು ನನ್ನೊಬ್ಬನಿಗೆ ಹೇಳಿದ್ದಳು.

ನನಗೆ ಯಾಕೆಂದರೆ ನಾನು ದಿನಾ ಹೋಗುತ್ತಿದ್ದೆ. ವಯಸ್ಸಿನಲ್ಲಿ ನಾನು ಓಡುವ ಟಪಾಲಿನವನು. ಘಾಟಿನ ಆಚೆಯಿಂದ ಚೀಲ ಹೊತ್ತು ಓಡಿ ಬಂದು ಊರಲ್ಲಿ ಹಂಚುತ್ತಿದ್ದೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು, ವಿಳಾಸ ಓದಲು ಬರುತ್ತಿದ್ದುದು ಅಷ್ಟಕ್ಕಷ್ಟೇ. ಆದರೆ ಯಾವ ಮನೆ ಯಾರಿಗಾಗಿ ಕಾಯುತ್ತಿದೆ ಎಂಬುದು ಬಾಗಿಲು ನೋಡಿದರೆ ತಿಳಿಯುತ್ತಿತ್ತು. ಬಾಗಿಲಲ್ಲಿ ನಿಂತು ಕೋಲಿನ ಗೆಜ್ಜೆ ಎರಡು ಸಲ ಅಲ್ಲಾಡಿಸುವುದು, ಮನೆಯವರು ಹೊರಗೆ ಬರುವ ತನಕ ಕದಲದಿರುವುದು, ಇದು ನನ್ನ ಪದ್ಧತಿ. ಟೆಲಿಗ್ರಾಮಿನ ತಾರು ಬಂದ ದಿನ ಮಾತ್ರ ಬೇರೆ. ಹುಟ್ಟು, ಸಾವು, ಜೀವದ ಸುದ್ದಿ ಕೈಯಲ್ಲಿದ್ದರೆ ನಡುವೆ ಯಾವ ಬಾಗಿಲನ್ನೂ ನೋಡುತ್ತಿರಲಿಲ್ಲ, ಮುಟ್ಟಬೇಕಾದ ಮನೆ ಮುಟ್ಟಿಯೇ ನಿಲ್ಲುತ್ತಿದ್ದೆ. ಕೆಲಸ ಮುಗಿದು ಎಷ್ಟೋ ವರ್ಷವಾಯಿತು. ಕಾಲಿಗೆ ಅದು ಗೊತ್ತಾಗಿಲ್ಲ. ಬೆಳಿಗ್ಗೆ ಎದ್ದು ಓಣಿ ಸುತ್ತಿ ಬರುತ್ತೇನೆ. ಹಂಪವ್ವನ ಬಾಗಿಲಲ್ಲಿ ನಿಂತರೆ ಒಳಗಿನಿಂದ, "ಯಮನೂರಾ, ನೀಲಿ ಹೆಂಗದಾಳೋ?" ಎಂದು ಕೇಳುತ್ತಿದ್ದಳು. ನೀಲವ್ವನ ಬಾಗಿಲಲ್ಲಿ ನಿಂತರೆ ಅವಳು ಒದ್ದೆ ಕೈಯಲ್ಲೇ ಬಂದು ಅವ್ವ ಹೇಗಿದ್ದಾಳೆಂದು ಕೇಳುತ್ತಿದ್ದಳು. ಅರ್ಧ ರೊಟ್ಟಿ ತಿಂದಳು, ಬೆಳಿಗ್ಗೆ ಕೆಮ್ಮು ಕಡಿಮೆ ಇತ್ತು, ಹೀಗೆ ಹೇಳುತ್ತಿದ್ದೆ. ಚೀಲವಿಲ್ಲದ ಟಪಾಲು.

ಆ ವರ್ಷ ಗುರುಸಿದ್ದಪ್ಪ ಕಾರು ತಂದ. ಕೆಂಪು ಬಣ್ಣ, ಒಳಗೆ ಕೂತರೆ ಕುಂಡಿ ನೆಲಕ್ಕೆ ತಾಗುತ್ತದೇನೋ ಎನ್ನುವಷ್ಟು ಕುಳ್ಳು, ಚಾಲೂ ಮಾಡಿದರೆ ಮೂರು ಓಣಿಯ ನಾಯಿಗಳು ಏಕಕಾಲಕ್ಕೆ ಬೊಗಳುತ್ತಿದ್ದವು. ಎಲ್ಲಿಗೆ ಹೋಗಲು ಅಷ್ಟು ಅವಸರ ಎಂದು ಯಾರೂ ಕೇಳಲಿಲ್ಲ. ಊರ ಒಂದು ತುದಿಯಿಂದ ಇನ್ನೊಂದು ತುದಿಗೆ ಎಮ್ಮೆಗಳು ಅಡ್ಡ ಬಾರದಿದ್ದರೆ ಅದಕ್ಕೆ ಒಂದು ಉಸಿರಿನ ದಾರಿ, ಎಮ್ಮೆಗಳಂತೂ ಅಡ್ಡ ಬರದೆ ಇರುವುದಿಲ್ಲ. ಭಾವ ಕಾರು ತಂದ ಸುದ್ದಿ ಕೇಳಿ ಶಂಕ್ರೆಪ್ಪ ದೊಡ್ಡ ಗಾಲಿಯ ಜೀಪು ತಂದ. ಊರ ಹಿರಿಯರಿಗೆ ಬೇರೆ ಕೆಲಸವಿರಲಿಲ್ಲ. ಅವರು ಕೂತು ಒಂದು ಪಂದ್ಯ ಗೊತ್ತು ಮಾಡಿದರು. ಮಂಜು ಎದ್ದ ಮೇಲೆ ಗಿರಣಿಯ ಬಾಗಿಲಿನಿಂದ ಕೆರೆ ಏರಿಯವರೆಗೆ ಓಟ. ಕಾರು ಮೊದಲು ಮುಟ್ಟಿದರೆ ಶಂಕ್ರೆಪ್ಪ ತಾನೇ ಹೆಂಡತಿಯನ್ನು ತವರಿಗೆ ಕರೆತಂದು ಬಿಡಬೇಕು. ಜೀಪು ಮೊದಲು ಮುಟ್ಟಿದರೆ ನೀಲವ್ವ ತವರಿಗೆ ಬರುವ ಮಾತನ್ನು ಯಾರೂ, ಎಂದಿಗೂ ಎತ್ತಬಾರದು. ನೀಲವ್ವನನ್ನು ಒಂದು ಮಾತು ಕೇಳೋಣವೇ ಎಂದು ಆ ಹಿರಿಯರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಅಷ್ಟೊಂದು ವಯಸ್ಸಾಗಿತ್ತು ಅವರಿಗೆ.

ಈಗ ಪ್ರಶ್ನೆ ಬಂದದ್ದು ಚಳಿಗಾಲದ್ದು. ಕಾರು ಯಾರ ಮನೆಯಲ್ಲಿ ಮಲಗಬೇಕು? ಶಂಕ್ರೆಪ್ಪ ಯೋಚನೆ ಮಾಡದೆ ಜೀಪನ್ನು ಗರಡಿ ಮನೆಯ ಪೈಲ್ವಾನರ ಹತ್ತಿರ ಬಿಟ್ಟ. ಗುರುಸಿದ್ದಪ್ಪನಿಗೆ ಬೇಕಾಗಿದ್ದುದು ವೇಗ. ಊರಲ್ಲಿ ಎಲ್ಲಕ್ಕಿಂತ ವೇಗವಾಗಿ ಹೋಗುವುದು ಕಲ್ಲವ್ವನ ಸುದ್ದಿ ಎಂದು ಕೆಲವರೆಂದರು. ಅದು ಹೊರಡುವ ಮೊದಲೇ ಮುಟ್ಟಿರುತ್ತದೆ, ನಿಜ. ಆದರೆ ದಾರಿಯಲ್ಲಿ ಹಿಗ್ಗುತ್ತ ಹೋಗುತ್ತದೆ; ಕಾರು ಹಾಗೆ ಹಿಗ್ಗಿದರೆ ಊರ ಅಗಸಿಯ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಬಿಟ್ಟರು. ಒಂದೇ ಉಸಿರಿನಲ್ಲಿ ಮದುವೆ ಮುಗಿಸುವ ಅಯ್ಯನವರ ಹೆಸರು ಬಂತು. ಅವರು ಅರ್ಧ ಮಂತ್ರ ನುಂಗುತ್ತಾರೆ, ಕಾರು ಅರ್ಧ ದಾರಿ ನುಂಗಿದರೆ ಪಂದ್ಯ ಕಟ್ಟಿದವರು ಒಪ್ಪಲಿಕ್ಕಿಲ್ಲ ಎಂದರು. ಕೊನೆಗೆ ಯಾರಿಗೋ ನಾನು ನೆನಪಾದೆ. ಒಂದು ಕಾಲಕ್ಕೆ ನಾನು ಓಡುತ್ತಿದ್ದೆ ಎಂಬುದು ನೆನಪಾಯಿತು.

ಗುರುಸಿದ್ದಪ್ಪ ತಾನೇ ನನ್ನ ಮನೆಗೆ ಬಂದ. ಎಂದೂ ಬಾರದವನು ಬಂದಾಗ ಹೊರಸು ಝಾಡಿಸಿ ಹಾಕಿದೆ.

"ಕಾಕಾ, ನಿನ್ನಂಗ ಓಡಾವ್ರು ಈ ಊರಾಗ ಹುಟ್ಟಿಲ್ಲಂತ. ಕಾರು ನಿನ್ನ ಕೊಟ್ಟಿಗ್ಯಾಗ ಇರಲಿ" ಎಂದ.

ನನ್ನ ಮೊಣಕಾಲು ನನ್ನ ಮಾತೇ ಕೇಳುವುದಿಲ್ಲವೆಂದೆ. ಒಮ್ಮೆ ಬಂದ ಗುಣ ಎಲ್ಲಿಗೂ ಹೋಗುವುದಿಲ್ಲವೆಂದ. ಅದು ನಿಜವೇ. ಅದಕ್ಕೇ ಇನ್ನೊಂದು ಮಾತು ಹೇಳಿದೆ.

"ಸಾವಕಾರ್ರ, ನಾ ಓಡತಿದ್ದಿದ್ದು ನಿಲ್ಲಾಕರಿ."

ಅವನು ನಕ್ಕ. ದೊಡ್ಡವರು ಬಡವರ ಮಾತಿಗೆ ನಗುವುದು ಸಂತೋಷವಾದಾಗ ಅಲ್ಲ, ಮಾತು ಮುಗಿಯಿತು ಎಂದು ತಿಳಿಸಲು. ಮರುದಿನ ಕಾರು ಬಂತು.

ಅದರ ಜೊತೆಗೆ ಅದನ್ನು ಮಾರಿದ ಶಹರದ ಮನುಷ್ಯನೂ ಬಂದು ಬಾಣಂತಿಯ ಪಥ್ಯ ಹೇಳಿದಂತೆ ಹೇಳಿಹೋದ. ಪೆಟ್ರೋಲು ತುಂಬ ಇರಬೇಕು, ಇಲ್ಲದಿದ್ದರೆ ಟಾಕಿಯೊಳಗೆ ತೇವ ಕೂರುತ್ತದೆ. ಬ್ಯಾಟರಿಯ ತಂತಿ ಬಿಚ್ಚಿ ಅದನ್ನು ಹಲಗೆಯ ಮೇಲೆ ಬೇರೆ ಇಡಬೇಕು. ಗಾಲಿ ಚಪ್ಪಟೆಯಾಗದಂತೆ ಕೆಳಗೆ ದಿಮ್ಮಿ ಕೊಟ್ಟು ಎತ್ತಿ ನಿಲ್ಲಿಸಬೇಕು. ಇಲಿ ಹೋಗದಂತೆ ಹೊಗೆ ಕೊಳವೆಯ ಬಾಯಿಗೆ ಅರಿವೆ ತುರುಕಬೇಕು. ಮೇಲೆ ಹೊದಿಸುವುದು ಪ್ಲಾಸ್ಟಿಕ್ ಆಗಬಾರದು, ಉಸಿರಾಡುವ ಬಟ್ಟೆಯಾಗಬೇಕು. ನನ್ನ ಹೆಂಡತಿ ಚೊಚ್ಚಲು ಹೆತ್ತಾಗ ಇದರ ಅರ್ಧ ಆರೈಕೆಯೂ ನಮಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಮಾಡಿದೆ. ಇಲಿಗೆ ತಂಬಾಕಿನ ಎಲೆಯನ್ನೂ ಸುತ್ತ ಹರಡಿದೆ. ಉಸಿರಾಡುವ ಬಟ್ಟೆ ಮಾತ್ರ ಸಿಗಲಿಲ್ಲ. ಹಂಪವ್ವನ ಹತ್ತಿರ ಇದನ್ನು ಹೇಳಿ ನಗುತ್ತಿದ್ದಾಗ ಅವಳು ಒಳಗೆ ತಡವರಿಸಿಕೊಂಡು ಹೋಗಿ ಒಂದು ದೊಡ್ಡ ಕೌದಿ ತಂದುಕೊಟ್ಟಳು. ಮಗಳ ಚಿಕ್ಕಂದಿನ ಲಂಗ, ಪರಕಾರಗಳನ್ನು ಕೂಡಿಸಿ ಹೊಲಿದದ್ದು. ಕಾರಾದರೇನು, ಚಳಿ ಚಳಿಯೇ ಎಂದಳು. ಗುರುಸಿದ್ದಪ್ಪ ಅದನ್ನು ನೋಡಿ ಮುಖ ಕಿವುಚಿದ. ಆದರೆ ತಾಯಿ ಕೊಟ್ಟಿದ್ದನ್ನು ತೆಗೆಸುವ ಧೈರ್ಯ ಅವನ ಗಿರಣಿಗೂ ಇರಲಿಲ್ಲ.

ಆ ಚಳಿಗಾಲ ನನಗೆ ಬಂದ ಮರ್ಯಾದೆ ಈ ಜನ್ಮಕ್ಕೆ ಸಾಕು. ಕಾರು ನಿಧಾನ ಕಲಿಯಬಾರದೆಂದು ನನಗೆ ದಿನಾ ಹಾಲು, ಬಾದಾಮಿ ಬಂದವು. ಗಿರಣಿಯ ಆಳೊಬ್ಬ ಬಂದು ನನ್ನನ್ನು ಅಂಗಳದಲ್ಲಿ ಜೋರಾಗಿ ನಡೆಸುತ್ತಿದ್ದ. ಅವನಿಗೇ ದಮ್ಮು ಹತ್ತಿ ಕೂತುಬಿಡುತ್ತಿದ್ದ, ನಾನು ಅವನಿಗೆ ಬಾದಾಮಿ ಕೊಡುತ್ತಿದ್ದೆ. ನನ್ನ ಕಟ್ಟೆಯ ಮೇಲೆ ಮುದುಕರು ಕೂರಬಾರದೆಂದು ಅಪ್ಪಣೆಯಾಯಿತು. ಹೆಣದ ಮೆರವಣಿಗೆ ಹಿಂದಿನ ಓಣಿಯಿಂದ ಸುತ್ತಿ ಹೋಗತೊಡಗಿತು. ಹಾಗೆ ಸುತ್ತಿ ಹೋದ ಮೊದಲನೆಯವನು ಚಾವಡಿಯ ಲೆಕ್ಕಿಗ, ಬದುಕಿದ್ದಾಗಲೂ ನೆಟ್ಟಗಿನ ದಾರಿಯಲ್ಲಿ ಹೋದವನಲ್ಲ, ಆದ್ದರಿಂದ ಯಾರಿಗೂ ತಪ್ಪೆನಿಸಲಿಲ್ಲ. ಗುರುಸಿದ್ದಪ್ಪ ಮಂಜಿನಲ್ಲಿ ಕಂಬಳಿ ಹೊದ್ದು ಬಂದು ಕೌದಿ ಎತ್ತಿ ಕಾರಿನ ಮೂತಿ ಸವರುತ್ತಿದ್ದ. ಒಮ್ಮೆ ನಾನು ಬಾಯಿ ತೆರೆದದ್ದು ನೋಡಿ, "ಅದರ ಮುಂದ ಆಕಳಿಸಬ್ಯಾಡೋ ಕಾಕಾ" ಎಂದು ಕೈ ಮುಗಿದ. ಪಾಪ, ಪಕ್ಕದ ಓಣಿಯ ತಂಗಿಗೆ ಕೈ ಮುಗಿದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ನನಗೆ ಮಾತ್ರ ಒಳಗೊಳಗೇ ಹೆದರಿಕೆ. ನಾನು ಬೆಳಿಗ್ಗೆ ಓಣಿ ಸುತ್ತಿ ಬಾಗಿಲು ಬಾಗಿಲಿಗೆ ನಿಲ್ಲುವುದು ಕಾರಿಗೆ ಹತ್ತಿದರೆ ಪಂದ್ಯ ಹೋಯಿತು. ಪಂದ್ಯ ಹೋದರೆ ತಾಯಿ ಮಗಳು ಭೇಟಿಯಾಗದೆ ಒಬ್ಬಳು ಹೋಗಿಬಿಡುತ್ತಾಳೆ. ಹಂಪವ್ವ ಆ ಚಳಿಯಲ್ಲಿ ಬಹಳ ಇಳಿದಿದ್ದಳು. ಅರ್ಧ ರೊಟ್ಟಿಯೂ ಈಗ ಅಂಬಲಿಗೆ ಬಂದಿತ್ತು. ಚಳಿಗಾಲ ಮುಗಿಯುವವರೆಗೆ ಮನೆಯಲ್ಲೇ ಇರಬೇಕು ಎಂದು ಒಂದು ದಿನ ಗಟ್ಟಿ ಮನಸ್ಸು ಮಾಡಿ ಕೂತೆ. ಹೊತ್ತು ಏರಿತು. ಮಂಜಿನೊಳಗೆ ನೀಲವ್ವ ಬಾಗಿಲಲ್ಲಿ ನಿಂತಿರುತ್ತಾಳೆ ಎಂಬುದು ಕೂತಲ್ಲಿಗೇ ಕಾಣುತ್ತಿತ್ತು. ಎದ್ದು ಹೋದೆ. ತಡವಾಯಿತೆಂದು ಅವಳು ಬೈಯಲಿಲ್ಲ. ನನ್ನ ಮುಖ ನೋಡಿ ಮೊದಲು ಅವ್ವ ಇದ್ದಾಳಲ್ಲ ಎಂದು ಕೇಳಿದಳು. ಅಂದಿನಿಂದ ಪಂದ್ಯದ ವಿಚಾರ ಬಿಟ್ಟೆ. ಓಡಿಸುವುದು ಸಾವಕಾರರ ಕೆಲಸ, ನಿಲ್ಲುವುದು ನನ್ನ ಕೆಲಸ.

ಶಿವರಾತ್ರಿ ಕಳೆದು ಮಂಜು ಎದ್ದಿತು. ಕೌದಿ ತೆಗೆದೆವು, ದಿಮ್ಮಿ ಸರಿಸಿದೆವು, ಹೊಗೆ ಕೊಳವೆಯ ಅರಿವೆ ಎಳೆದು ಬ್ಯಾಟರಿಗೆ ತಂತಿ ಕೊಟ್ಟೆವು. ಒಂದೇ ಕೀಲಿಗೆ ಕಾರು ಗುಡುಗಿತು. ಗುರುಸಿದ್ದಪ್ಪ ನನ್ನ ಬೆನ್ನು ತಟ್ಟಿದ. ಗಿರಣಿಯ ಮುಂದೆ ಇಡೀ ಊರು ಸೇರಿತ್ತು. ಹಸಿರು ಅರಿವೆ ಬೀಸಿದ ಕೂಡಲೇ ಕಾರು ಬಾಣದಂತೆ ಚಿಮ್ಮಿತು. ನಿಜ ಹೇಳುತ್ತೇನೆ, ನನ್ನ ಎದೆ ಉಬ್ಬಿತು. ವಯಸ್ಸಿನಲ್ಲಿ ನಾನು ಹೊರಡುತ್ತಿದ್ದುದೂ ಹಾಗೆಯೇ.

ಕಲ್ಲವ್ವನ ಬಾಗಿಲ ಮುಂದೆ ಅದು ಗಕ್ಕನೆ ನಿಂತಿತು. ಎರಡು ಸಲ ಹಾರ್ನ್ ಮಾಡಿತು. ಗುರುಸಿದ್ದಪ್ಪ ಒತ್ತಿದ್ದಲ್ಲ, ಅವನ ಎರಡೂ ಕೈ ತಲೆಯ ಮೇಲಿದ್ದವು. ಕಲ್ಲವ್ವ ಹೊರಗೆ ಬಂದು, ನನಗೇನೂ ಬಂದಿಲ್ಲವೇ ಎಂದು ಕಾರಿನ ಮೂತಿಯನ್ನು ಕೇಳಿದಳು. ಅವಳು ಕೇಳಿದ ಮೇಲೆ ಕಾರು ಮತ್ತೆ ಬಾಣವಾಯಿತು, ಮೂರನೆಯ ಮನೆಯ ಮುಂದೆ ಮತ್ತೆ ಕಂಬವಾಯಿತು. ಹೀಗೆ ಕಾಯುವವರಿದ್ದ ಬಾಗಿಲುಗಳಲ್ಲೆಲ್ಲ. ಸಾವಕಾರ ಒಳಗೆ ಕೂತು ಅದಕ್ಕೆ ತಿಳಿಯದ ಭಾಷೆಯಲ್ಲಿ ಬೈಯುತ್ತಿದ್ದ. ಊರಿನ ಮುದುಕಿಯರು ಮಾತ್ರ ಎಷ್ಟೋ ವರ್ಷಗಳ ಮೇಲೆ ಸೆರಗು ಸರಿ ಮಾಡಿಕೊಂಡು ಬಾಗಿಲಿಗೆ ಬಂದರು. ನಾನು ನನ್ನ ನಡಿಗೆಯಲ್ಲೇ ಹಿಂದೆ ಹೋದೆ. ಹಿಡಿಯಲು ಕಷ್ಟವಾಗಲಿಲ್ಲ.

ಇನ್ನು ಜೀಪು ಗೆಲ್ಲುತ್ತದಲ್ಲ ಎಂದು ನೋಡಿದರೆ, ಅದು ಅಗಸಿಯ ಹತ್ತಿರ ಎದುರಿಗೆ ಬಂದ, ಜೋಳದ ಕಣಿಕೆ ಹೇರಿದ ಎತ್ತಿನ ಗಾಡಿಯನ್ನು ಕಂಡು ತಡೆದು ನಿಂತಿತ್ತು. ಪೈಲ್ವಾನರ ಮನೆಯಲ್ಲಿ ಉಂಡದ್ದು, ಎದುರಾದವನನ್ನು ಬಿಟ್ಟು ಹೋಗುವುದು ಹೇಗೆ? ಮೂತಿ ತಗ್ಗಿಸಿ ಗಾಡಿಯ ಮುಂದಿನ ಮೂಕಿಮರಕ್ಕೆ ಪಟ್ಟು ಹಾಕಿತು. ಶಂಕ್ರೆಪ್ಪ ಹಿಂದೆ ಎಳೆದಷ್ಟೂ ಅದು ಮುಂದೆ ಒತ್ತಿತು. ಗಾಡಿಯವನು ಎತ್ತು ಬಿಚ್ಚಿಕೊಂಡು ನೆರಳಿಗೆ ಹೋಗಿ ಎಲೆ ಅಡಿಕೆ ಹಾಕಿಕೊಂಡ. ಅವನಿಗೆ ಗೊತ್ತಿತ್ತು, ಇಂಥ ಕುಸ್ತಿ ಬೇಗ ಮುಗಿಯುವುದಲ್ಲ.

ಕಾರು ನೀಲವ್ವನ ಬಾಗಿಲ ಮುಂದೆ ಬಂದು ನಿಂತು, ಎರಡು ಸಲ ಕೂಗಿ, ತಾನಾಗಿಯೇ ಬಂದ್ ಆಯಿತು. ನೀಲವ್ವ ಒದ್ದೆ ಕೈಯಲ್ಲೇ ಬಂದು ಹೊಸ್ತಿಲೊಳಗೆ ನಿಂತಳು. ಅಣ್ಣನನ್ನು ನೋಡಿದಳು. ಗುರುಸಿದ್ದಪ್ಪ ಕೀಲಿ ತಿರುವಿದ, ಕಾಲಿನಿಂದ ಒದ್ದ, ದೇವರನ್ನು ಕರೆದ. ಇಳಿದು ನಡೆದುಹೋಗಬಹುದಿತ್ತು. ಆದರೆ ಕಾರನ್ನು ಶಂಕ್ರೆಪ್ಪನ ಅಂಗಳದಲ್ಲಿ ಬಿಟ್ಟುಹೋದರೆ ಕೊಟ್ಟುಹೋದ ಹಾಗೆ. ತಳ್ಳಿಸೋಣವೆಂದರೆ ಕೇಕೆ ಹಾಕುತ್ತಿದ್ದ ಜನರಲ್ಲಿ ಒಬ್ಬರೂ ಕೈ ಮುಂದೆ ಮಾಡಲಿಲ್ಲ. ಬಿಸಿಲೇರಿತು. ಕೆಂಪು ತಗಡು ಕಾದು ಒಳಗೆ ಅವನು ಕುಚ್ಚಿದ ಶೇಂಗಾದಂತಾದ. ಜನರ ಕೇಕೆ ನಿಂತಿತು. ನಾನು ಹೋಗಿ ಕಿಟಕಿಯ ಹತ್ತಿರ ನಿಂತೆ.

"ಕಾಕಾ, ಇದು ಯಾಕ ಹೊಂಟಿಲ್ಲ?" ಎಂದು ಮೆಲ್ಲಗೆ ಕೇಳಿದ.

"ತಂದ ಸುದ್ದಿ ಒಪ್ಪಸೂತನಕ ಹೋಗೂದಿಲ್ರಿ ಅದು."

"ನಾ ಏನ್ ಸುದ್ದಿ ತಂದೀನಿ?"

ಬೇರೆಯವರ ಟಪಾಲು ಒಡೆಯುವ ಅಭ್ಯಾಸ ನನಗಿಲ್ಲ.

ಗುರುಸಿದ್ದಪ್ಪ ಸ್ಟಿಯರಿಂಗಿನ ಮೇಲೆ ಬಿದ್ದ ಬೆವರು ಒರೆಸಿದ. ಆಮೇಲೆ ಅದಕ್ಕೇ ಹೇಳುವವನಂತೆ, "ಅವ್ವ ಕರದಾಳ" ಎಂದ.

ನೀಲವ್ವ ಹೊಸ್ತಿಲಿನಿಂದ ಕದಲಲಿಲ್ಲ. "ಅವ್ವ ದಿನಾ ಕರೀತಾಳಣ್ಣ. ಕರಿಯಾಕ ಬಂದಾವ್ರು ಯಾರು?"

ಅವನು ಬಾಗಿಲು ತೆರೆದು ಇಳಿದ. ಇಳಿಯುವುದೂ ಸುಲಭವಿರಲಿಲ್ಲ, ಅಷ್ಟು ಕುಳ್ಳು ಕಾರು. ಮೊದಲು ಕೈ ನೆಲಕ್ಕೆ ಊರಬೇಕು, ಮಂಡಿ ಊರಬೇಕು, ಆಮೇಲೆ ಏಳಬೇಕು. ಹಾಗೆ ತಂಗಿಯ ಬಾಗಿಲಲ್ಲಿ ಮಂಡಿಯೂರಿದಾಗಲೇ, "ನಾ ಬಂದೀನವ್ವಾ" ಎಂದ. ಬೇಕೆಂದೇ ಆ ಹೊತ್ತಿಗೆ ಹೇಳಿದನೋ, ಬಾಯಿಗೆ ಆಗಲೇ ಬಂತೋ, ನಾನು ವಿಚಾರಿಸಲಿಲ್ಲ.

ನೀಲವ್ವ ಒಳಗೆ ಹೋಗಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಅಷ್ಟೇ ಅವಳ ತಯಾರಿ. ಕಾರಿನಲ್ಲಿ ಕೂರುತ್ತ, "ಕಾಕಾ, ನೀನೂ ಬಾ" ಎಂದಳು. ಹಿಂದೆ ಒಂದು ಉಪ್ಪಿನಕಾಯಿ ಭರಣಿ ಇಡುವಷ್ಟು ಜಾಗವಿತ್ತು. ಭರಣಿಯಂತೆಯೇ ಮಡಿಚಿ ಕೂತೆ. ಗುರುಸಿದ್ದಪ್ಪ ಕೀಲಿ ಮುಟ್ಟುವ ಮೊದಲೇ ಕಾರು ಹೊರಟಿತು. ಈ ಸಲ ಅದು ಯಾವ ಬಾಗಿಲನ್ನೂ ನೋಡಲಿಲ್ಲ. ತಾರು ಹಿಡಿದ ದಿನ ನಾನು ಹೋಗುತ್ತಿದ್ದಂತೆ ಹೋಯಿತು. ಎಮ್ಮೆಗಳು ಕೂಡ ದಾರಿ ಬಿಟ್ಟವು.

ಪಂದ್ಯ ಗೆದ್ದವರು ಯಾರೆಂದು ಹಿರಿಯರು ಇನ್ನೂ ಕೂತು ಮಾತಾಡುತ್ತಿದ್ದಾರೆ. ಕೆರೆ ಏರಿಯನ್ನು ಅಂದು ಮೊದಲು ಮುಟ್ಟಿದ್ದು ಕಣಿಕೆಯ ಗಾಡಿಯ ಎತ್ತುಗಳು, ನೀರಿಗೆ ಹೋಗಿದ್ದವು. ಶಂಕ್ರೆಪ್ಪ ತಾನೇ ಕಳಿಸಿದೆನೆಂದು ಹೇಳುತ್ತಾನೆ, ಗುರುಸಿದ್ದಪ್ಪ ಕಾರು ಕೆಟ್ಟು ನಿಂತಿತ್ತೆಂದು ಹೇಳುತ್ತಾನೆ. ಇಬ್ಬರ ಮಾತೂ ನ್ಯಾಯವಾಗಿಯೇ ಇದೆ. ನನಗೆ ನೆನಪಿರುವುದು ಕಾರು ಗಿರಣಿಯ ಹಿಂದಿನ ಸಾವಕಾರರ ಮನೆಯ ಮುಂದೆ ನಿಂತು ಎರಡು ಸಲ ಕೂಗಿದ್ದು. ಪಡಸಾಲೆಯಲ್ಲಿ ಹಂಪವ್ವ ಗೋಡೆಗೆ ಒರಗಿ ಕೂತಿದ್ದಳು. ಬಾಗಿಲಿಗೆ ಯಾರೋ ಬಂದು ನಿಂತ ಬಗೆ ಅವಳಿಗೆ ಪರಿಚಯದ್ದಾಗಿತ್ತು.

"ಯಮನೂರಾ," ಎಂದಳು, "ನೀಲಿ ಹೆಂಗದಾಳೋ?"

ಅಭ್ಯಾಸಬಲದಿಂದ ನಾನು ಭರಣಿಯ ಜಾಗದಿಂದಲೇ ಬಾಯಿ ತೆರೆದೆ. ಅಷ್ಟರಲ್ಲಿ ನೀಲವ್ವ ಹೊಸ್ತಿಲು ದಾಟಿದ್ದಳು.

"ಚಲೋ ಅದೀನವ್ವಾ" ಎಂದಳು.